ಅಮ್ಮನ ಪ್ರಶ್ನೋತ್ತರದ ನೋಟ್‌ಬುಕ್ಕು

ಹೋದ ತಿಂಗಳು ಎರಡು ದಿನ ರಜ ಹಾಕಿ ಬೆಳ್ಳಾವಿಗೆ ಹೋಗಿದ್ದೆ. ಅಮ್ಮ ತೀರಿಕೊಂಡು ಒಂದು ವರ್ಷವಾಯಿತು. ಸಮಾಧಿಗೆ ಕಲ್ಲು ಹಾಕಿಸಬೇಕು, ಮನೆ ಖಾಲಿ ಮಾಡಿ ಬಾಡಿಗೆಗೆ ಕೊಡಬೇಕು, ಎರಡೂ ಕೆಲಸ ಒಟ್ಟಿಗೆ ಮುಗಿಸೋಣ ಅಂತ. ಕಲ್ಲಿನ ಮೇಲೆ ಏನು ಬರೆಸಬೇಕು ಅನ್ನೋದರ ಬಗ್ಗೆ ನನಗೂ ಅಣ್ಣನಿಗೂ ಫೋನಿನಲ್ಲೇ ಸಣ್ಣ ಜಗಳ ಆಗಿತ್ತು. "ಹೆಸರು, ಹುಟ್ಟಿದ್ದು, ತೀರಿಕೊಂಡಿದ್ದು. ಅಷ್ಟು ಸಾಕು ಕಣೋ, ಅಕ್ಷರಕ್ಕಿಷ್ಟು ಅಂತ ತಗೋತಾರೆ" ಅಂದಿದ್ದ. ನನಗೆ ಅಷ್ಟು ಸಾಕಾಗಿರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಸುತ್ತಿ ಬಳಸಿ ಬರಬೇಕು. ಸಹಿಸಿಕೊಳ್ಳಿ.

ಅಟ್ಟದ ಮೇಲಿದ್ದ ತಗಡಿನ ಟ್ರಂಕಿನಲ್ಲಿ ಅಮ್ಮನ ಮದುವೆ ಸೀರೆಯ ಕೆಳಗೆ ಒಂದು ನೋಟ್‌ಬುಕ್ಕು ಸಿಕ್ಕಿತು. ನಲವತ್ತು ಪುಟದ್ದು, ಅಂಚೆಲ್ಲ ಹುಳ ತಿಂದಿದೆ. ಒಳಗೆ ಅಮ್ಮನ ದುಂಡು ಅಕ್ಷರದಲ್ಲಿ ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ. ಪ್ರತಿಯೊಂದರ ಕೆಳಗೂ ಇದಕ್ಕೆ ಅರ್ಥ ಏನು ಅಂತ ಮಗು ಕೇಳಿದ ಹಾಗೆ ಒಂದು ಪ್ರಶ್ನೆ. ಮಾರ್ಟಿನ್ ಲೂಥರನ ಸಣ್ಣ ಪ್ರಶ್ನೋತ್ತರ ಅದು. ತಾತನ ಹತ್ತಿರ ಇದ್ದಿದ್ದನ್ನು ನೋಡಿ ಹುಡುಗಿಯಾಗಿದ್ದಾಗ ನಕಲು ಮಾಡಿಕೊಂಡಿದ್ದಳಂತೆ.

ಈ ಲೋಕ ಗೊತ್ತಿಲ್ಲದವರಿಗೆ ಒಂದೆರಡು ಮಾತು. 1528ರಲ್ಲಿ ಲೂಥರ್ ಸ್ಯಾಕ್ಸನಿಯ ಹಳ್ಳಿಗಳನ್ನು ನೋಡಿಕೊಂಡು ಬಂದ. ಜನಕ್ಕೆ ಹೋಗಲಿ, ಎಷ್ಟೋ ಪಾದ್ರಿಗಳಿಗೇ ಏನೂ ಗೊತ್ತಿಲ್ಲ ಅಂತ ತಲೆ ಚಚ್ಚಿಕೊಂಡು, ಮಾರನೆಯ ವರ್ಷ ಈ ಪುಸ್ತಕ ಬರೆದ. ಮನೆಯ ಯಜಮಾನ ತನ್ನ ಮಕ್ಕಳಿಗೆ, ಆಳುಗಳಿಗೆ ಹೇಳಿಕೊಡಲಿ ಅಂತ. ಪಂಡಿತರಿಗೆ ಬರೆದದ್ದಲ್ಲ, ಅಡುಗೆಮನೆಯಲ್ಲಿ ಒಪ್ಪಿಸೋಕೆ ಬರೆದದ್ದು. ನಮ್ಮಮ್ಮ ಹಾಗೇ ಉಪಯೋಗಿಸಿದಳು. ಒಂದು ಕಡೆ ರಾಗಿಮುದ್ದೆ ತೊಳಸುತ್ತಾ ಇನ್ನೊಂದು ಕಡೆ ನಮ್ಮ ಬಾಯಲ್ಲಿ ಎರಡನೆಯ ಆಜ್ಞೆ ಹೇಳಿಸುತ್ತಿದ್ದಳು. ತಪ್ಪಿದರೆ ಮುದ್ದೆ ಕೋಲು ತೋರಿಸುತ್ತಿದ್ದಳು :-)

ಅಮ್ಮನ ತವರು ಬೆಟಗೇರಿ. ಗದಗದ ಪಕ್ಕದ್ದು, ನೇಕಾರರ ಊರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿ. ನಿಮಗೆ ಅವರು ಕಿಟೆಲ್ಲರ 1894ರ ನಿಘಂಟಿನಿಂದ, ಮೊಗ್ಲಿಂಗರ 1843ರ 'ಮಂಗಳೂರು ಸಮಾಚಾರ'ದಿಂದ, ಮಂಗಳೂರು ಹೆಂಚಿನಿಂದ ಗೊತ್ತು. ನನಗೆ ಅವರು ಗೊತ್ತಿದ್ದದ್ದು ಅಮ್ಮ ಹಾಡುತ್ತಿದ್ದ ಜರ್ಮನ್ ಧಾಟಿಯ ಕನ್ನಡ ಕೀರ್ತನೆಗಳಿಂದ. ಅಪ್ಪ ಬೆಳ್ಳಾವಿಯ ಮೇಷ್ಟ್ರು. ಅವರ ಕಡೆಯವರು ವೆಸ್ಲಿಯನ್ ಮಿಶನ್ನಿನವರು, ಮೆಥೋಡಿಸ್ಟರು. ಗುಬ್ಬಿ ಅಂದರೆ ನಿಮಗೆಲ್ಲ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಕಂಪನಿ ಹುಟ್ಟಿದ್ದು 1884ರಲ್ಲಿ. ಅದಕ್ಕೂ ಹೆಚ್ಚೂಕಮ್ಮಿ ಐವತ್ತು ವರ್ಷ ಮುಂಚೆ, 1837ರಲ್ಲಿ, ಥಾಮಸ್ ಹಾಡ್ಸನ್ ಅನ್ನೋ ವೆಸ್ಲಿಯನ್ ಪಾದ್ರಿ ಗುಬ್ಬಿಗೆ ಬಂದು ಠಿಕಾಣಿ ಹೂಡಿದ್ದರು. ಅವರ ಹಿಂದೆಯೇ ಬಂದ ವಿಲಿಯಂ ಆರ್ಥರ್ ಆ ದಿನಗಳ ಬಗ್ಗೆ 1847ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮನ "ಹೌದ್ರಿ, ಬರ್ರಿ" ಕೇಳಿ ಬೆಳ್ಳಾವಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರಂತೆ. ಮಾತು ನಿಧಾನಕ್ಕೆ ತುಮಕೂರು ಕಡೆಯದಾಯಿತು. ಪ್ರಶ್ನೋತ್ತರ ಮಾತ್ರ ಬೆಟಗೇರಿಯದೇ ಉಳಿಯಿತು.

ಈಗ ಅಮ್ಮನ ಮಣ್ಣಿನ ದಿನಕ್ಕೆ ಬರುತ್ತೇನೆ.

ಅವತ್ತು ಆರಾಧನೆ ನಡೆಸಿದ ಅಯ್ಯನವರ ಹೆಸರು ಬೇಡ, ಅವರ ಸಭೆ ಯಾವುದು ಅನ್ನೋದೂ ಬೇಡ. ಚಿಕ್ಕ ವಯಸ್ಸು, ಒಳ್ಳೆ ಮನುಷ್ಯ. ಪುಸ್ತಕದಲ್ಲಿದ್ದ ಪ್ರಾರ್ಥನೆಗಳನ್ನು ಬಸ್ಸು ಹಿಡಿಯೋರ ಹಾಗೆ ಓದಿ ಮುಗಿಸಿದರು. ಆಮೇಲೆ ಇಪ್ಪತ್ತು ನಿಮಿಷ ಪ್ರಸಂಗ. ತಾಯಿಯವರು ಎಷ್ಟು ದಯಾಳು, ಎಷ್ಟು ಮಕ್ಕಳಿಗೆ ಪಾಠ ಹೇಳಿಕೊಟ್ಟರು, ಜಾತಿ ಭೇದ ನೋಡಲಿಲ್ಲ, ಅವರು ನಮ್ಮ ನೆನಪಿನಲ್ಲಿ ಸದಾ ಜೀವಂತ, ಅವರ ಮೌಲ್ಯಗಳನ್ನು ನಾವು ಮುಂದುವರಿಸಬೇಕು... ಎಲ್ಲ ನಿಜವೇ. ನಾನು ಕಾಯುತ್ತಾ ಇದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ. ಹೇಳಲಿಲ್ಲ. ಆಮೆನ್ ಆಯಿತು, ಒಂದೊಂದು ಹಿಡಿ ಮಣ್ಣು ಹಾಕಿದೆವು.

ನಾನು ಏನು ಕಾಯುತ್ತಿದ್ದೆ ಅನ್ನೋದನ್ನ ಬಾಯಿಬಿಟ್ಟು ಕೇಳಿದ್ದು ನಮ್ಮ ಪಕ್ಕದ ಮನೆ ಅಜ್ಜಿ. ಲಿಂಗಾಯತರು. ಕೊರಳಲ್ಲಿ ಕರಡಿಗೆ ಕಟ್ಟಿಕೊಂಡೇ ತುಮಕೂರಿನ ಸಮಾಧಿ ತೋಟದವರೆಗೂ ಬಂದಿದ್ದರು. ವಾಪಸ್ ಬರುವಾಗ ವ್ಯಾನಿನಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು: "ಅಲ್ಲ ಕಣಪ್ಪ, ನಿಮ್ಮಲ್ಲಿ ಸತ್ತೋರು ಮತ್ತೆ ಎದ್ದು ಬತ್ತಾರೆ ಅಂತ ಅಲ್ವಾ? ನಿಮ್ಮಮ್ಮ ನಲವತ್ತು ವರ್ಷದಿಂದ ನಂಗೆ ಅದನ್ನೇ ಹೇಳ್ಕಂಡ್ ಬಂದ್ಲು. ಅಯ್ಯನೋರು ಯಾಕೆ ಅದರ ಸುದ್ದೀನೇ ಎತ್ತಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ತಿಂಗಳು ಬಿಟ್ಟು ಅದೇ ಅಯ್ಯನವರು ತುಮಕೂರು ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕಿದರು. ಟೀ ಕುಡಿಯುತ್ತಾ ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಂಕಲ್, ಪುನರುತ್ಥಾನ ಅಂದರೆ ಹೆಣ ಎದ್ದು ಕೂರೋದು ಅಂತ ನಾವು ಈಗ ತಗೊಳ್ಳಲ್ಲ. ಅದು ಸಮುದಾಯದ ಭರವಸೆ. ತುಳಿತಕ್ಕೆ ಒಳಗಾದವರು ಎದ್ದು ನಿಲ್ಲೋದು" ಅಂದರು. ಪೌರಕಾರ್ಮಿಕರ ಬಾಕಿ ಸಂಬಳಕ್ಕೆ ತಾವು ಓಡಾಡುತ್ತಿರೋದನ್ನೂ ಹೇಳಿದರು. ಆ ಓಡಾಟ ಸುಳ್ಳಲ್ಲ, ನನಗೂ ಗೊತ್ತಿತ್ತು. ಟೀ ದುಡ್ಡನ್ನೂ ಅವರೇ ಕೊಟ್ಟರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳೋದು ಹೇಗೆ ಹೇಳಿ?

ಸಿಟ್ಟು ಬರಲಿಲ್ಲ. ಆದರೆ ಅವತ್ತಿನಿಂದ ನಾನು ಓದೋಕೆ ಶುರು ಮಾಡಿದೆ. ಈ ಮಾತು ಎಲ್ಲಿಂದ ಬಂತು? ಹಳ್ಳಿ ಹಳ್ಳಿ ಸುತ್ತಿ ಸಂತೆಯಲ್ಲಿ ನಿಂತು ಏಸು ಎದ್ದು ಬಂದ ಅಂತ ಕೂಗಿದವರ ಮೊಮ್ಮಕ್ಕಳು ಅದನ್ನು ಸಮಾಧಿಯ ಮುಂದೆಯೂ ಹೇಳದ ಹಾಗೆ ಆಗಿದ್ದು ಯಾವಾಗ?

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಮೂಲದವರು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆಯಿತು. ಗುಬ್ಬಿ, ತುಮಕೂರಿನ ವೆಸ್ಲಿಯನ್ ಸಭೆಗಳು ಅದರೊಳಕ್ಕೆ ಹೋದವು. ನಮ್ಮ ಕನ್ನಡ ನಾಡಿನ ಬಾಸೆಲ್ ಮಿಶನ್ ಸಭೆಗಳೂ ಬಂದು ಸೇರಿಕೊಂಡವು. ಲೂಥರನ್ ಸಭೆಗಳು ಮಾತ್ರ ಹೊರಗೇ ಉಳಿದವು. ವರ್ಷಗಟ್ಟಲೆ ಮಾತುಕತೆ ನಡೆಯಿತು, ಎರಡೂ ಕಡೆಯವರು ಕೂತು ಒಂದು ಜಂಟಿ ಪ್ರಶ್ನೋತ್ತರವನ್ನೂ ತಯಾರು ಮಾಡಿದರು. ಒಂದಾಗಲಿಲ್ಲ. ಮೊದಲು ಬೋಧನೆಯಲ್ಲಿ ಒಂದಾಗೋಣ, ಆಮೇಲೆ ಆಡಳಿತದಲ್ಲಿ ಅನ್ನೋದು ಲೂಥರನ್ನರ ಹಳೇ ಹಟ. ಚಿಕ್ಕವನಿದ್ದಾಗ ಇದು ಬರೀ ಜಂಭ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಎಲ್ಲರೂ ಒಪ್ಪುವಷ್ಟನ್ನೇ ಹೇಳಬೇಕು ಅಂತ ಹೊರಟರೆ, ಪ್ರತಿ ತಲೆಮಾರಿಗೂ ಒಪ್ಪುವುದು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಬರುತ್ತದೆ.

(ಕಟ್ಟಾ ಲೂಥರನ್ನರನ್ನು ಕೇಳಿದರೆ ಬಾಸೆಲ್ ಮಿಶನ್ನೇ ಲೂಥರನ್ ಅಲ್ಲ ಅನ್ನುತ್ತಾರೆ. ವೂರ್ಟೆಂಬರ್ಗಿನ ಲೂಥರನ್ನರು, ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಸಭೆಯವರು ಇಬ್ಬರೂ ಕೂಡಿ ಕಟ್ಟಿದ್ದು ಅದು. ಅಂದರೆ ನಮ್ಮಮ್ಮನ ಮನೆಯ ಹಾಲಿಗೂ ಆಗಲೇ ಸ್ವಲ್ಪ ನೀರು ಬಿದ್ದಿತ್ತು. ಆದರೂ ಪ್ರಶ್ನೋತ್ತರ ಬಿಟ್ಟಿರಲಿಲ್ಲವಲ್ಲ.)

ಓದುತ್ತಾ ಹೋದ ಹಾಗೆ ನಮ್ಮವರೇ ಒಬ್ಬರು ಸಿಕ್ಕಿದರು. ಸ್ಟ್ಯಾನ್ಲಿ ಸಮರ್ಥ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು, ಬಾಸೆಲ್ ಮಿಶನ್ ಮನೆತನ. ಮಂಗಳೂರಿನ ದೇವಜ್ಞಾನ ಶಾಲೆಯ ಮುಖ್ಯಸ್ಥರಾಗಿದ್ದು, ಮುಂದೆ ಜಿನೀವಾದ ಜಾಗತಿಕ ಸಭೆಗಳ ಮಂಡಳಿಯಲ್ಲಿ ಬೇರೆ ಧರ್ಮಗಳವರ ಜೊತೆ ಸಂವಾದಕ್ಕೆಂದು ತೆರೆದ ವಿಭಾಗಕ್ಕೆ 1971ರಲ್ಲಿ ಮೊದಲ ನಿರ್ದೇಶಕರಾದರು. ಒಬ್ಬ ಕನ್ನಡದ ಕ್ರೈಸ್ತ ಇಷ್ಟು ಎತ್ತರಕ್ಕೆ ಹೋದದ್ದು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತಿದೆಯೋ. ಅವರ 1991ರ ಪುಸ್ತಕದಲ್ಲಿ, ದೇವರ ರಹಸ್ಯ ಯಾವ ಒಂದು ಧರ್ಮಕ್ಕೂ ಮುಗಿಯದಷ್ಟು ದೊಡ್ಡದು, ಕ್ರಿಸ್ತ ನಮಗೆ ದಾರಿ, ಆದರೆ ಎಲ್ಲರಿಗೂ ಅವನೊಬ್ಬನೇ ದಾರಿ ಅನ್ನಬೇಕಾಗಿಲ್ಲ ಅನ್ನುವ ಧಾಟಿಯ ವಾದವಿದೆ. ಓದೋಕೆ ತುಂಬಾ ಸೌಮ್ಯ. ಕಾರ್ಕಳದ ಬೀದಿಯಲ್ಲಿ ಬಸದಿ, ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲವನ್ನೂ ನೋಡಿ ಬೆಳೆದವರಿಗೆ ಈ ಪ್ರಶ್ನೆ ಏಳದೆ ಇರೋದು ಹೇಗೆ? ಅವರನ್ನು ನಾನು ಹಗುರವಾಗಿ ತಳ್ಳಿಹಾಕುತ್ತಿಲ್ಲ.

ಆದರೆ ಅದೇ ಪ್ರಶ್ನೆ ನಮ್ಮಮ್ಮನ ಮುಂದೆಯೂ ದಿನಾ ಇತ್ತು ನೋಡಿ. ಹಬ್ಬಕ್ಕೆ ಪಕ್ಕದ ಮನೆಯಿಂದ ಹೋಳಿಗೆ ಬರುತ್ತಿತ್ತು, ಕ್ರಿಸ್ಮಸ್ಸಿಗೆ ನಮ್ಮ ಮನೆಯಿಂದ ಕರ್ಜಿಕಾಯಿ ಹೋಗುತ್ತಿತ್ತು. ಆ ಅಜ್ಜಿಯ ಮನೆಯಲ್ಲಿ ಸಾವಾದಾಗ ಮೂರು ದಿನ ಅಡುಗೆ ಮಾಡಿಕೊಟ್ಟವಳು ಅಮ್ಮ. ಅದೇ ಬಾಯಲ್ಲಿ ಏಸು ಎದ್ದಿದ್ದಾನೆ, ನಾನೂ ಏಳ್ತೀನಿ, ನೀನೂ ನಂಬಿದರೆ ಏಳ್ತೀಯ ಅಂತಲೂ ಹೇಳುತ್ತಿದ್ದಳು. ಅಜ್ಜಿ ನಂಬಲಿಲ್ಲ, ಇಷ್ಟಲಿಂಗ ಬಿಡಲಿಲ್ಲ. ಇಬ್ಬರ ಸ್ನೇಹಕ್ಕೆ ಒಂದು ಕೂದಲೆಳೆಯಷ್ಟೂ ಧಕ್ಕೆ ಬರಲಿಲ್ಲ. ನೆರೆಯವರ ಜೊತೆ ಚೆನ್ನಾಗಿರಬೇಕಾದರೆ ನಮ್ಮ ನಂಬಿಕೆಯನ್ನು ತೆಳು ಮಾಡಿಕೊಳ್ಳಬೇಕು ಅನ್ನೋ ಲೆಕ್ಕ ಎಲ್ಲೋ ತಪ್ಪಿದೆ ಅಂತ ನನಗೆ ಅನ್ನಿಸೋದು ಇವರಿಬ್ಬರನ್ನು ನೋಡಿಯೇ.

ಇನ್ನು ಆ ಅಯ್ಯನವರು ಹೇಳಿದ ತುಳಿತದ ವಿಷಯ. ಇದನ್ನು ಹಾರಿಸಿಕೊಂಡು ಹೋದರೆ ನಾನು ಸುಳ್ಳುಗಾರನಾಗುತ್ತೇನೆ. 1980ರ ದಶಕದಲ್ಲಿ ಅರವಿಂದ ನಿರ್ಮಲ್ ಮೊದಲಾದವರು ದಲಿತ ದೇವಜ್ಞಾನ ಅಂತ ಬರೆಯೋಕೆ ಶುರು ಮಾಡಿದರು. ನಮ್ಮ ಅಪ್ಪನ ಅಪ್ಪನಿಗೆ ಹೋಟೆಲಿನಲ್ಲಿ ಲೋಟ ಬೇರೆ ಇಡುತ್ತಿದ್ದರು, ಕುಡಿದು ಅವರೇ ತೊಳೆದು ಬೋರಲು ಹಾಕಬೇಕಿತ್ತು. ಸಭೆಯೊಳಗೂ ಜಾತಿ ಇಲ್ಲ ಅಂತ ಪ್ರಮಾಣ ಮಾಡಿ ಹೇಳೋಕೆ ಯಾವ ಕನ್ಸರ್ವೇಟಿವನಿಗೂ ಬಾಯಿಲ್ಲ, ಲೂಥರನ್ನರಿಗಂತೂ ಇಲ್ಲವೇ ಇಲ್ಲ. ಹಾಗಾಗಿ ಈ ದೇವಜ್ಞಾನಿಗಳು ಪಾಪವನ್ನು ಅದರ ಹೆಸರು ಹಿಡಿದು ಕರೆದಾಗ ನಾನು ಎದ್ದು ನಿಂತು ಒಪ್ಪುತ್ತೇನೆ. ಲೂಥರನ್ ಮಾತಿನಲ್ಲಿ ಹೇಳಬೇಕಾದರೆ ಅದು ಧರ್ಮಶಾಸ್ತ್ರದ ಕೆಲಸ: ತಪ್ಪನ್ನು ತಪ್ಪು ಅನ್ನೋದು. ಆದರೆ ಧರ್ಮಶಾಸ್ತ್ರ ಒಂದು, ಸುವಾರ್ತೆ ಇನ್ನೊಂದು. ತಾತ ಕೊನೆಯ ವಾರದಲ್ಲಿ ಉಸಿರು ಸಿಗದೆ ಮಲಗಿದ್ದಾಗ ಲೋಟದ ಅವಮಾನ ನೆನೆಯಲಿಲ್ಲ. ಅಜ್ಜಿಯನ್ನು ಹೊಡೆದದ್ದನ್ನು ನೆನೆದು ಅತ್ತರು. ತುಳಿಸಿಕೊಂಡವರೂ ಮನೆಯೊಳಗೆ ಇನ್ನೊಬ್ಬರನ್ನು ತುಳಿದಿರುತ್ತಾರೆ. ಅವತ್ತು ಬಂದ ಹಳೇ ಅಯ್ಯನವರು ಹಾಸಿಗೆ ಪಕ್ಕ ಮಂಡಿಯೂರಿ, ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ ಅಂತ ಅವರ ಹೆಸರು ಹಿಡಿದು ಹೇಳಿದರು. ಸಮುದಾಯದ ಭರವಸೆ ಅಂದಿದ್ದರೆ ತಾತನಿಗೆ ಅವತ್ತು ಏನು ಸಿಗುತ್ತಿತ್ತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮಲ್ಲಿ ಸದ್ದಿಲ್ಲದೆ ಆಗುತ್ತಿರೋದು ಪಶ್ಚಿಮದಲ್ಲಿ ತಮಟೆ ಹೊಡೆದು ಆಗಿದೆ. ಅಮೆರಿಕದ ದೊಡ್ಡ ಲೂಥರನ್ ಸಭೆ ಇ.ಎಲ್.ಸಿ.ಎ. 1988ರಲ್ಲಿ ಶುರುವಾದಾಗ ಸುಮಾರು 52 ಲಕ್ಷ ಜನ ಇದ್ದರು, 2022ರ ಹೊತ್ತಿಗೆ 30 ಲಕ್ಷಕ್ಕಿಂತ ಕೆಳಗೆ ಬಂತು. ಸ್ವೀಡನ್ನಿನಲ್ಲಿ 1972ರಲ್ಲಿ ನೂರಕ್ಕೆ 95 ಜನ ಲೂಥರನ್ ಸಭೆಯ ಸದಸ್ಯರು, ಈಗ ಹೆಚ್ಚೂಕಮ್ಮಿ ಅರ್ಧ. ಹೊರಗಿನವರು ಇದನ್ನು ಸಲಿಂಗ ಸಂಬಂಧದ ಜಗಳ ಅಂತಲೇ ನೋಡುತ್ತಾರೆ. 2009ರಲ್ಲಿ ಆ ಎರಡೂ ಸಭೆಗಳು ಆ ವಿಷಯದಲ್ಲಿ ತೀರ್ಮಾನ ತೆಗೆದುಕೊಂಡಿದ್ದು, 2013ರಲ್ಲಿ ಇಥಿಯೋಪಿಯಾದ ಮೆಕಾನೆ ಯೇಸುಸ್ ಸಭೆ ಅದೇ ಕಾರಣಕ್ಕೆ ಎರಡರ ಜೊತೆಗೂ ಸಂಬಂಧ ಕಡಿದುಕೊಂಡಿದ್ದು ನಿಜ. ಮಿಶನರಿಗಳನ್ನು ಕಳಿಸಿದ ತಾಯಿಗೆ ಮಗಳೇ ಬಾಗಿಲು ಹಾಕಿದ ಹಾಗೆ. ನಾನು ಇಥಿಯೋಪಿಯಾದವರ ಕಡೆ. ಆದರೆ ಅದು ಜ್ವರ ಅಷ್ಟೆ, ರೋಗ ಬೇರೆ. ರೋಗ ಶುರುವಾಗೋದು ಇದರಲ್ಲಿ ಬರೆದಿರೋದನ್ನ ಹಾಗೇ ತಗೋಬೇಕಾಗಿಲ್ಲ ಅನ್ನೋ ಒಂದು ಮಾತಿನಿಂದ.

ಆ ಮಾತಿನ ಮೇಲೆ ನಮ್ಮ ಪಕ್ಕದಲ್ಲೇ ಒಂದು ಸಭೆ ಹುಟ್ಟಿದೆ ಅಂತ ಗೊತ್ತಾದಾಗ ಆಶ್ಚರ್ಯವಾಯಿತು. ತಮಿಳುನಾಡಿನಲ್ಲಿದ್ದ ಜರ್ಮನಿಯ ಲೈಪ್‌ಜಿಗ್ ಮಿಶನ್ನಿನಲ್ಲಿ ಥಿಯೊಡೋರ್ ನೇಥರ್, ಫ್ರಾನ್ಸ್ ಮೋನ್ ಅಂತ ಇಬ್ಬರಿದ್ದರು. ಬೈಬಲ್ ಪೂರ್ತಿಯಾಗಿ ದೇವರ ವಾಕ್ಯ ಹೌದೋ ಅಲ್ಲವೋ ಅನ್ನೋ ಜಗಳದಲ್ಲಿ ತಮ್ಮ ಮಿಶನ್ನಿನಿಂದಲೇ ಹೊರಬಿದ್ದರು. ಅಮೆರಿಕದ ಮಿಸ್ಸೂರಿ ಸಿನಡ್ ಅವರನ್ನು ತೆಗೆದುಕೊಂಡು 1895ರಲ್ಲಿ ಕೃಷ್ಣಗಿರಿಯಲ್ಲಿ ಕೆಲಸ ಶುರು ಮಾಡಿಸಿತು. ಹೊಸೂರು ದಾಟಿದರೆ ಕೃಷ್ಣಗಿರಿ, ಅಷ್ಟೇ ದೂರ. ಅದೇ ಮುಂದೆ 1958ರಲ್ಲಿ ಭಾರತ ಸುವಾರ್ತಾ ಲೂಥರನ್ ಸಭೆ ಆಯಿತು. ಅದರಲ್ಲಿ ಹೆಚ್ಚಿನವರು ತಮಿಳರು, ಮಲಯಾಳಿಗಳು. ಕನ್ನಡಕ್ಕೆ ಆ ಭಾಗ್ಯ ಬರಲಿಲ್ಲ. ನಾನು ಬೆಂಗಳೂರಿನಲ್ಲಿ ಈಗ ಹೋಗೋದು ಒಂದು ತಮಿಳು ಲೂಥರನ್ ಸಭೆಗೆ. ಅರ್ಧ ಅರ್ಥವಾಗುತ್ತದೆ. ಆದರೆ ಆ ಅರ್ಧದಲ್ಲಿ ಅಮ್ಮನ ಅಡುಗೆಮನೆ ಕೇಳಿಸುತ್ತದೆ.

ಸಂಖ್ಯೆ ಹೇಳಿ ಗೆದ್ದೆ ಅಂತ ಬೀಗೋಕೆ ನನಗೂ ಆಗಲ್ಲ. ಹಟಮಾರಿ ಮಿಸ್ಸೂರಿ ಸಿನಡ್ಡೇ 1970ರ ಸುಮಾರಿಗೆ 28 ಲಕ್ಷ ಇದ್ದದ್ದು ಈಗ 18 ಲಕ್ಷಕ್ಕಿಂತ ಕಡಿಮೆ. ಮಕ್ಕಳು ಕಡಿಮೆ, ಊರು ಬಿಟ್ಟವರು ಜಾಸ್ತಿ. ಸರಿಯಾಗಿ ಬೋಧಿಸಿದರೆ ಸಭೆ ತುಂಬುತ್ತದೆ ಅನ್ನೋದು ಎಲ್ಲೂ ಬರೆದಿಲ್ಲ. ನನ್ನ ಲೆಕ್ಕ ಬೇರೆ: ಕೊನೆಗೆ ಉಳಿಯೋ ಹತ್ತು ಜನಕ್ಕೆ ಸಮಾಧಿ ಮುಂದೆ ಏನು ಹೇಳ್ತೀರಿ?

ನನ್ನನ್ನೇ ಬೈದುಕೊಳ್ಳೋದೂ ಬಾಕಿ ಇದೆ. ನನ್ನ ಮಗಳಿಗೆ ಹದಿನಾಲ್ಕು. ನಮ್ಮಲ್ಲಿ ಈ ವಯಸ್ಸಿಗೆ ದೃಢೀಕರಣ ಅಂತ ಮಾಡುತ್ತಾರೆ, ಪ್ರಶ್ನೋತ್ತರ ಕಲಿತು ಸಭೆಯ ಮುಂದೆ ನಂಬುತ್ತೇನೆ ಅಂತ ಹೇಳೋದು. ಅಮ್ಮನ ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟರೆ ತಡವರಿಸಿಕೊಂಡು ಓದಿದಳು. ಇಂಗ್ಲಿಷ್ ಮೀಡಿಯಂ ಪ್ರತಾಪ. ಆಜ್ಞೆಗಳಲ್ಲಿ ಆರು ಗೊತ್ತಿತ್ತು. ಯಾವ ದೇವಜ್ಞಾನ ಕಾಲೇಜೂ ಅವಳಿಂದ ಉಳಿದ ನಾಲ್ಕನ್ನು ಕಿತ್ತುಕೊಂಡಿರಲಿಲ್ಲ. ಲೂಥರ್ ಈ ಪುಸ್ತಕ ಬರೆದದ್ದು ಮನೆಯ ಯಜಮಾನನಿಗೆ ಅಂದೆನಲ್ಲ, ಆ ಯಜಮಾನ ಹದಿನಾಲ್ಕು ವರ್ಷದಿಂದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಈಗ ಭಾನುವಾರ ಸಂಜೆ ಇಬ್ಬರೂ ಕೂರುತ್ತೇವೆ. ಮೂರನೇ ಪುಟದಲ್ಲಿದ್ದೇವೆ.

ಕಲ್ಲಿನ ಕೆಲಸದವನ ಹತ್ತಿರ ಅವತ್ತು ಸಂಜೆ ಹೋದೆ. ಅಕ್ಷರಕ್ಕಿಷ್ಟು ಅನ್ನೋದು ನಿಜವೇ. ಅಣ್ಣನ ಮಾತೂ ಉಳಿಯಲಿ, ನನ್ನದೂ ಉಳಿಯಲಿ ಅಂತ ಹೆಸರು, ತಾರೀಖು, ಕೆಳಗೆ 'ಯೋಬ 19:25' ಅಂತ ಚೀಟಿ ಬರೆದುಕೊಟ್ಟೆ. ಅವನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನ್ ಸಾರ್ ಕೊನೇಲಿ, ಟೈಮಾ? ರೈಲಿನ ಟೈಮ್ ಇದ್ದಂಗೈತೆ" ಅಂದ.

ನಗು ಬಂತು. ಅದು ಬೈಬಲ್ಲಿನ ಒಂದು ವಚನದ ನಂಬರು, ಎಲ್ಲ ಕಳಕೊಂಡು ಬೂದಿಯಲ್ಲಿ ಕೂತ ಒಬ್ಬ ಮನುಷ್ಯ, ನನ್ನನ್ನು ಬಿಡಿಸುವವನು ಬದುಕಿದ್ದಾನೆ, ಕೊನೆಗೆ ಬಂದು ನಿಲ್ಲುತ್ತಾನೆ ಅಂತ ಹೇಳಿದ್ದು ಅಂತ ವಿವರಿಸಿದೆ. ಅವನು ಉಳಿ ಕೆಳಗಿಟ್ಟು, "ಮತ್ತೆ ಅದನ್ನೇ ಬರೆಸಿ ಸಾರ್. ನಂಬರ್ ಹಾಕುದ್ರೆ ಯಾರಿಗ್ ತಿಳೀತದೆ?" ಅಂದ.

ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಎಷ್ಟಾಗುತ್ತೆ ಅಂತ ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅರ್ಧ ನಾನು ಹಾಕ್ತೀನಿ, ಪೂರ್ತಿ ಬರೆಸು" ಅಂದ.

ಬರೋ ಶನಿವಾರ ಕಲ್ಲು ನಿಲ್ಲಿಸುತ್ತೇವೆ. ಪಕ್ಕದ ಮನೆ ಅಜ್ಜಿಗೆ ಈಗ ನಡೆಯೋಕೆ ಆಗಲ್ಲ, ಆದರೂ ಆಟೋ ಮಾಡಿ ಕರ್ಕೊಂಡು ಹೋಗು ಅಂತ ಹಟ ಹಿಡಿದಿದ್ದಾರೆ. "ನಂಗೆ ಓದಕ್ಕೆ ಬರಕಿಲ್ಲ. ನಿನ್ ಮಗಳ ಕೈಲಿ ಓದ್ಸು, ಗಟ್ಟಿಯಾಗಿ."